ತೋಡಿನ ಸದ್ದು ಇಳಿಯಿತೇ? ಕಟ್ಟ ಹಾಕುವ ಹೊತ್ತು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಮಾರ್ಚಿಗೇ ಬಾವಿಯ ತಳ ಕಾಣುತ್ತದೆ ಎಂದರೆ ಬಯಲುಸೀಮೆಯವರು ನಗುತ್ತಾರೆ. ಏನು ಮಾಡುವುದು, ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರಿಬಿಡುತ್ತದೆ. ಆಮೇಲೆ ನಮಗೆ ಉಳಿಯುವುದು ಗುಡ್ಡೆಯ ಮುರಕಲ್ಲು (ತೂತುತೂತಾದ ಕೆಂಪು ಕಲ್ಲು) ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವ ಒರತೆ. ಅದನ್ನು ತೋಡಿನಲ್ಲೇ, ಅಂದರೆ ಊರ ಸಣ್ಣ ಹಳ್ಳದಲ್ಲೇ, ನಿಲ್ಲಿಸಲು ಹಿರಿಯರು ವರ್ಷವರ್ಷವೂ ಕಲ್ಲು, ಮಣ್ಣು ಪೇರಿಸಿ ಹಾಕುತ್ತಿದ್ದ ತಾತ್ಕಾಲಿಕ ತಡೆಯೇ ಕಟ್ಟ. ಕೊಳವೆಬಾವಿ ಬಂದ ಮೇಲೆ ಹಲವು ಊರುಗಳಲ್ಲಿ ಅದು ಮರೆತೇಹೋಯಿತು. ಕಾಸರಗೋಡಿನ ಏತಡ್ಕದವರು ಮಾತ್ರ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವ ರೂಢಿಯನ್ನು ಬಿಡಲಿಲ್ಲ. ನೇತ್ರಾವತಿಯಾಗಲಿ ಪಯಸ್ವಿನಿಯಾಗಲಿ ಬೇಸಗೆಯಲ್ಲಿ ಸೊರಗಿತೆಂದರೆ ಅದಕ್ಕೂ ಮೊದಲು ಇಂಥ ನೂರಾರು ತೋಡುಗಳು ಬತ್ತಿವೆ ಎಂದೇ ಅರ್ಥ.

ಮೊದಲು ಮನುಷ್ಯರು

ಹೊಯ್ಗೆ (ಮರಳು), ಅದನ್ನು ತುಂಬುವ ಚೀಲ ಎಲ್ಲ ಆಮೇಲೆ. ತೋಡಿನ ಎರಡೂ ದಡದ ಮನೆಯವರನ್ನು ಒಂದು ಸಂಜೆ ಒಟ್ಟಿಗೆ ಕೂರಿಸಿ. ಯಾರ ತೋಟದ ಬದಿಯಲ್ಲಿ ನೀರು ನಿಲ್ಲುತ್ತದೆ, ಯಾರು ಎಷ್ಟು ಆಳು ಕಳಿಸುತ್ತಾರೆ, ಮೇ ತಿಂಗಳಲ್ಲಿ ಬಿಚ್ಚುವವರು ಯಾರು, ಈ ಮೂರೂ ಅಲ್ಲೇ ತೀರ್ಮಾನವಾಗಬೇಕು. ಪಂಚಾಯಿತಿಗೂ ತಿಳಿಸಿ. ಸಾಲು ಕಟ್ಟವಾದರೆ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗುವುದು ಒಳ್ಳೆಯದು. ಮೇಲಿನವರು ಮೊದಲೇ ಕಟ್ಟಿ ಕೂತರೆ ಅವರ ಕಟ್ಟ ತುಂಬುವವರೆಗೆ ಕೆಳಗಿನವರಿಗೆ ನೀರಿಲ್ಲ. ಕಟ್ಟ ಕೂಡಿಸಿದ ಊರನ್ನು ಅದೇ ಕಟ್ಟ ಒಡೆಯುವುದೂ ಇದೆ.

ಜಾಗ, ಸಮಯ

ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ, ನೀರು ಮೊಣಕಾಲಿಗಿಂತ ಕೆಳಗಿಳಿದು ಇನ್ನೂ ಹರಿಯುತ್ತಿರುವಾಗ ಕಟ್ಟ ಹಾಕಬೇಕು. ಬೇಗ ಕಟ್ಟಿದರೆ ಹಿಂಗಾರಿನ ಒಂದು ಜೋರು ಮಳೆ ಒಯ್ದುಬಿಡುತ್ತದೆ. ತಡವಾದರೆ ತುಂಬಲು ನೀರೇ ಇರುವುದಿಲ್ಲ. ತೋಡು ಕಿರಿದಾಗಿ ದಡ ಗಟ್ಟಿ ಇರುವಲ್ಲಿ, ಅದರ ಮೇಲ್ಗಡೆ ತಳ ಸಮತಟ್ಟಾಗಿ ಅಗಲವಾಗಿರುವಲ್ಲಿ ಜಾಗ ಹುಡುಕಿ. ತಿರುವು ಬೇಡ. ಕೆಳಗಿನ ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟುವಷ್ಟು ಅಂತರವಿದ್ದರೆ ಸಾಲು ಸರಿಯಾಗಿದೆ.

ಎತ್ತರದ ಆಸೆಗೆ ಬೀಳಬೇಡಿ. ನೀರಿನ ಆಳ ಎರಡು ಪಟ್ಟಾದರೆ ಕಟ್ಟವನ್ನು ನೀರು ತಳ್ಳುವ ಒಟ್ಟು ಬಲ ನಾಲ್ಕು ಪಟ್ಟಾಗುತ್ತದೆ. ಆರಡಿಯ ಒಂದರ ಬದಲು ಮೂರಡಿಯ ಎರಡು ಕಟ್ಟಗಳೇ ಮೇಲು.

ತಳದಲ್ಲಿದೆ ಗುಟ್ಟು

ನಮ್ಮ ಮೊದಲ ಕಟ್ಟ ನೋಡಲು ಚಂದವಿತ್ತು, ನಿಂತದ್ದು ಒಂದೇ ರಾತ್ರಿ. ಕೊಳೆತ ಎಲೆಯ ಪದರದ ಮೇಲೆಯೇ ಚೀಲ ಜೋಡಿಸಿದ್ದೆವು. ನೀರು ಅಡಿಯಿಂದ ದಾರಿ ಮಾಡಿಕೊಂಡು ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಗೋಡೆ ಇದೆ, ನೀರಿಲ್ಲ!

ಆದ್ದರಿಂದ ಕಟ್ಟದ ಅಗಲಕ್ಕೆ ತಳದ ಎಲೆ, ಕೆಸರು, ಸಡಿಲ ಹೊಯ್ಗೆ ಎಲ್ಲವನ್ನೂ ಗಟ್ಟಿ ನೆಲ ಅಥವಾ ಬಂಡೆ ಸಿಗುವವರೆಗೆ ಎತ್ತಿಹಾಕಿ. ಎರಡೂ ದಡದೊಳಕ್ಕೆ ಒಂದೆರಡಡಿ ಕಡಿದು ಕಟ್ಟದ ತುದಿ ಅದರೊಳಗೆ ಕೂರುವಂತೆ ಮಾಡಿ. ಅಲ್ಲೇ ಎತ್ತಿದ ಹೊಯ್ಗೆಯನ್ನು ಚೀಲಕ್ಕೆ ತುಂಬಿ. ಆದರೆ ಮುಕ್ಕಾಲು ಭಾಗ ಮಾತ್ರ. ಬಿಗಿಯಾಗಿ ತುಂಬಿದ ಚೀಲ ಉರುಟಾಗಿ ಉರುಳುತ್ತದೆ, ಸಡಿಲ ಚೀಲ ಚಪ್ಪಟೆಯಾಗಿ ಒಂದಕ್ಕೊಂದು ಒತ್ತಿ ಕೂರುತ್ತದೆ. ಇಟ್ಟಿಗೆ ಗೋಡೆಯಂತೆ ಸಂದಿಯ ಮೇಲೆ ಸಂದಿ ಬಾರದ ಹಾಗೆ ಇಡಿ. ಬುಡದ ಅಗಲ ಎತ್ತರಕ್ಕಿಂತ ಕಡಿಮೆಯಾಗದಿರಲಿ. ಕೆಳಬದಿ ಮೆಟ್ಟಿಲಿನಂತಿರಲಿ.

ಈಗ ನೀರಿನ ಬದಿಗೆ ದಪ್ಪ ಸಿಲ್ಪಾಲಿನ್ (ನೀರು ಸೋರದ ಪ್ಲಾಸ್ಟಿಕ್) ಹಾಳೆ. ಅದರ ಕೆಳಗಿನ ಅಂಚನ್ನು ತಳದಲ್ಲಿ ಅಗೆದ ಚರಂಡಿಗೆ ಇಳಿಸಿ, ಜೇಡಿಮಣ್ಣು ತುಂಬಿ, ಚೆನ್ನಾಗಿ ತುಳಿಯಿರಿ. ಈ ತುಳಿಯುವ ಕೆಲಸವನ್ನು ಮಕ್ಕಳಿಗೆ ಕೊಟ್ಟರೆ ಸಾಕು, ಬೇಡವೆಂದರೂ ನಿಲ್ಲಿಸುವುದಿಲ್ಲ. ಕಟ್ಟದ ನಡುಭಾಗ ಬದಿಗಳಿಗಿಂತ ಒಂದಡಿ ತಗ್ಗಿರಬೇಕು. ಇಲ್ಲವಾದರೆ ತುಂಬಿದ ನೀರು ದಡ ಕೊರೆದು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಎಷ್ಟೇ ಜಾಗ್ರತೆ ಮಾಡಿದರೂ ಸ್ವಲ್ಪ ಸೋರುತ್ತದೆ. ಸೋರಲಿ, ಅದು ಕೆಳಗಿನವರ ಪಾಲು, ಮೀನು ಏಡಿಗಳ ಪಾಲು.

ಎಷ್ಟು ನೀರು?

ತೋಡು ಹತ್ತು ಮೀಟರ್ ಅಗಲ, ಕಟ್ಟದ ಬಳಿ ಆಳ ಒಂದು ಮೀಟರ್, ಹಿನ್ನೀರು 100 ಮೀಟರ್ ಎಂದಿಟ್ಟುಕೊಳ್ಳಿ. ಆಳ ಮೇಲ್ಗಡೆ ಹೋದಂತೆ ಕಡಿಮೆಯಾಗುವುದರಿಂದ ಮೂರನ್ನೂ ಗುಣಿಸಿ ಅರ್ಧ ಮಾಡಿದರೆ 500 ಘನ ಮೀಟರ್, ಅಂದರೆ ಐದು ಲಕ್ಷ ಲೀಟರ್. ಕಣ್ಣಿಗೆ ಕಾಣುವ ನೀರು ಇಷ್ಟೇ. ನಿಂತ ನೀರು ದಡದೊಳಕ್ಕೆ ಇಂಗಿ ಅಕ್ಕಪಕ್ಕದ ಬಾವಿಗಳನ್ನು ಎತ್ತಿ ಹಿಡಿಯುವುದೇ ನಿಜವಾದ ಲಾಭ. ಹಾಗಾಗಿ ಕಟ್ಟಕ್ಕೇ ಪಂಪು ಇಳಿಸಬೇಡಿ, ಬಾವಿಯಿಂದ ಎತ್ತಿ. ನನಗೆ ಕೇಳಿದರೆ ಇದು ಮೊದಲ ಸಭೆಯಲ್ಲೇ ಬರೆದಿಡಬೇಕಾದ ಕರಾರು.

ಬಿಚ್ಚುವುದೂ ಕೆಲಸವೇ

ಸಂಭ್ರಮದಿಂದ ಕಟ್ಟಿ ಆಮೇಲೆ ಮರೆಯುವವರೇ ಹೆಚ್ಚು. ಮುಂಗಾರಿನ ಮೊದಲ ನೆರೆಯಲ್ಲಿ ಮರದ ದಿಮ್ಮಿ, ತೆಂಗಿನ ಮಡಲು ಬಂದು ಕಟ್ಟಕ್ಕೆ ಸಿಕ್ಕಿಕೊಂಡರೆ ತೋಡು ದಿಕ್ಕು ಬದಲಿಸಿ ತೋಟ ಕೊಚ್ಚುತ್ತದೆ. ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯದೆ ಬಿಟ್ಟರೂ ಇದೇ ಕಥೆ. ಮೇ ಮೂರನೇ ವಾರದೊಳಗೆ ನಡುವಿನಿಂದ ಒಂದೊಂದೇ ಚೀಲ ಎತ್ತಿ ನೀರು ಮೆಲ್ಲನೆ ಇಳಿಯಲು ಬಿಡಿ. ಹೊಯ್ಗೆಯನ್ನು ತೋಡಿಗೇ ಸುರಿದು, ಹಾಳೆ ತೊಳೆದು ಮಡಚಿಡಿ. ಬಿಸಿಲಿಗೆ ಪುಡಿಯಾಗುತ್ತಿರುವ ಪ್ಲಾಸ್ಟಿಕ್ ಚೀಲಗಳನ್ನು ಎಣಿಸಿಯೇ ಹೊರತೆಗೆಯಿರಿ. ಡಿಸೆಂಬರಿನಲ್ಲಿ 300 ಇಳಿಸಿದ್ದರೆ ಮೇ ತಿಂಗಳಲ್ಲಿ 300 ಮೇಲೆ ಬರಬೇಕು.

ಅದೇ ಆಳುಗಳು ಒಟ್ಟಿಗಿರುವಾಗ, ಮಳೆಗೆ ಇನ್ನೂ ವಾರವಿದ್ದರೆ, ಹಾರೆ ಪಿಕ್ಕಾಸು ಹಿಡಿದು ಗುಡ್ಡೆ ಹತ್ತಿ. ಅಲ್ಲಿ ಇಳಿಜಾರಿಗೆ ಅಡ್ಡಲಾಗಿ ತೋಡುವ ಇಂಗುಗುಂಡಿಯ ನೀರೇ ಮುಂದಿನ ಡಿಸೆಂಬರಿಗೆ ಒರತೆಯಾಗಿ ತೋಡಿಗೆ ಇಳಿಯುವುದು.