ರನ್ ಅಂದ್ರೆ ಓಡು ಅಂತ ಬರೆದು ಮುಂದಕ್ಕೆ ಹೋಗೋಕಾಗಲ್ಲ

ಮುಂಬೈನ ಅಂಧೇರಿ ವೆಸ್ಟಲ್ಲಿ ಕೂತು ಇಂಗ್ಲಿಷ್ ಸೀರೀಸು, ಡಾಕ್ಯುಮೆಂಟರಿಗಳಿಗೆ ಕನ್ನಡ ಡಬ್ಬಿಂಗ್ ಸ್ಕ್ರಿಪ್ಟ್ ಬರೆಯೋದು ನನ್ನ ಕೆಲಸ, ನಡುನಡುವೆ ಸಬ್‌ಟೈಟಲ್ಲೂ ಮಾಡ್ತೀನಿ. ಈ ಲೈನಿಗೆ ಹೊಸದಾಗಿ ಬರೋರು ಕೇಳೋದು ಯಾವಾಗ್ಲೂ ದೊಡ್ಡ ದೊಡ್ಡ ಪದಗಳನ್ನೇ, ಮೆಟಬಾಲಿಸಂಗೆ ಏನು, ಸರ್ವೇಲೆನ್ಸಿಗೆ ಏನು ಅಂತ. ಅವೆಲ್ಲ ಸುಲಭ ಕಣ್ರೀ, ಡಿಕ್ಷನರಿ ತೆಗೆದ್ರೆ ಒಂದು ಪದ ಸಿಗುತ್ತೆ, ಸಿಗದಿದ್ರೆ ಇಂಗ್ಲಿಷಲ್ಲೇ ಬಿಟ್ಟು ಮುಂದೆ ಹೋದ್ರೆ ಯಾರೂ ಬೈಯಲ್ಲ. ಜೀವ ತಿನ್ನೋದು ಒಂದನೇ ಕ್ಲಾಸಿನ ಪದಗಳು, ರನ್, ಗೆಟ್, ಸೆಟ್, ಟೇಕ್. ಅದರಲ್ಲಿ ರನ್ ಒಂದನ್ನ ನಾನು ಹೇಗೆ ಪಳಗಿಸ್ಕೊಂಡೆ ಅಂತ ಬರೀತೀನಿ, ಉಳಿದವಕ್ಕೂ ಹೆಚ್ಚುಕಮ್ಮಿ ಅದೇ ದಾರಿ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಲಿ ಎಲ್ಲಕ್ಕಿಂತ ಉದ್ದದ ಎಂಟ್ರಿ ಸೆಟ್ ಅನ್ನೋ ಪದದ್ದು, ಅದಕ್ಕೆ 430 ಅರ್ಥ ಅಂತ ಲೆಕ್ಕ. ಆಮೇಲೆ ಪರಿಷ್ಕರಣೆ ಮಾಡ್ತಾ ಮಾಡ್ತಾ 2011ರ ಹೊತ್ತಿಗೆ ರನ್ ಅದನ್ನ ಹಿಂದೆ ಹಾಕ್ತು, ಬರೀ ಕ್ರಿಯಾಪದವಾಗೇ 645 ಅರ್ಥ. ಮಿಲ್ ಬಂತು, ರೈಲು ಬಂತು, ಕಂಪ್ಯೂಟರ್ ಬಂತು, ಇಂಗ್ಲಿಷಿನವರು ಪ್ರತಿಸಲ ಹೊಸ ಪದ ಹುಡುಕೋ ಗೋಜಿಗೆ ಹೋಗದೆ ಎಲ್ಲವನ್ನೂ ರನ್ನಿನ ಹೆಗಲಿಗೇ ಹಾಕಿದ್ರು. ಈ 645ನ್ನೂ ಬಾಯಿಪಾಠ ಮಾಡೋಕೆ ಹೋಗ್ಬೇಡಿ, ಪ್ರಯೋಜನ ಇಲ್ಲ.

ನಾನು ಮಾಡೋದಿಷ್ಟೇ. ರನ್ ಕಡೆ ನೋಡೋದೇ ಇಲ್ಲ, ಅದರ ಪಕ್ಕದಲ್ಲಿ ಯಾವ ನಾಮಪದ ಕೂತಿದೆ ನೋಡ್ತೀನಿ, ಆಮೇಲೆ ಇಂಗ್ಲಿಷ್ ಲೈನನ್ನ ಕೈಯಿಂದ ಮುಚ್ಚಿ, ಆ ವಸ್ತು ಹಾಗಾದಾಗ ನಮ್ಮ ಮನೇಲಿ ಏನಂತಾರೆ ಅಂತ ಕೇಳ್ಕೊಳ್ತೀನಿ. ಮೂಗು ರನ್ ಆದ್ರೆ ಸುರಿಯುತ್ತೆ. ನಲ್ಲಿ ರನ್ ಮಾಡಿದ್ರೆ ಬಿಡ್ತೀವಿ. ಸೀರೆ ಬಣ್ಣ ರನ್ ಆದ್ರೂ ಬಿಡುತ್ತೆ, ಆದ್ರೆ ನಲ್ಲಿನ ನಾವು ಬಿಡೋದು, ಬಣ್ಣ ತಾನಾಗೇ ಬಿಡೋದು. ಜ್ವರ ಬರುತ್ತೆ. ಹಾಲು ಮುಗಿಯುತ್ತೆ. ಬಸ್ಸು, ಗಡಿಯಾರ, ಪಿಕ್ಚರ್ ಈ ಮೂರು ಮಾತ್ರ ನಿಜವಾಗ್ಲೂ ಓಡುತ್ತೆ, ಅದರಲ್ಲೂ ಪಿಕ್ಚರ್ ನೂರು ದಿನ ಓಡ್ತು ಅನ್ನೋದು ಎಷ್ಟು ಸಹಜವಾಗಿದೆ ಅಂದ್ರೆ ಅದು ಇಂಗ್ಲಿಷಿಂದ ಬಂದಿದ್ದೋ ನಮ್ಮದೇನೋ ಅನ್ನೋ ಯೋಚನೆನೇ ಬರಲ್ಲ. ಎಲೆಕ್ಷನ್ ಇನ್ನೂ ಮಜಾ. ಅಮೆರಿಕಾದವನು ಎಲೆಕ್ಷನ್ನಿಗೆ ರನ್ ಮಾಡ್ತಾನೆ, ಬ್ರಿಟನ್ನಿನವನು ಸ್ಟ್ಯಾಂಡ್ ಆಗ್ತಾನೆ, ನಮ್ಮವನೂ ನಿಂತ್ಕೊಳ್ತಾನೆ. ಅಂದ್ರೆ ಅಮೆರಿಕದ ಪೊಲಿಟಿಕಲ್ ಸೀರೀಸ್ ಬಂದಾಗೆಲ್ಲ ನಾನು ಓಡೋ ಮನುಷ್ಯನನ್ನ ನಿಲ್ಲಿಸ್ತಾ ಇರ್ತೀನಿ.

ಅಂಗಡಿ, ಹೋಟೆಲ್ ಬಂದಾಗ ಮುಂಬೈಲಿ ಒಂದು ಸ್ಪೆಷಲ್ ತಾಪತ್ರಯ ಇದೆ. ಇಲ್ಲಿ ಎಷ್ಟೋ ಸಲ ಹಿಂದಿ ಸ್ಕ್ರಿಪ್ಟ್ ಮೊದಲು ರೆಡಿಯಾಗಿರುತ್ತೆ, ಅದನ್ನೂ ಜೊತೆಗೆ ಕಳಿಸ್ತಾರೆ, ಅರ್ಜೆಂಟಲ್ಲಿ ಬರೆಯೋರು ಅದನ್ನೇ ನೋಡ್ಕೊಂಡು ಬರೀತಾರೆ. ಹಿಂದಿಲಿ ದುಕಾನ್ ಚಲಾನಾ, ಮರಾಠಿಲಿ ಚಾಲವಣೆ, ಅದು ಕನ್ನಡಕ್ಕೆ ಬರೋ ಹೊತ್ತಿಗೆ "ಅವಳು ಆಸ್ಪತ್ರೆ ಚಲಾಯಿಸುತ್ತಾಳೆ" ಆಗಿರುತ್ತೆ! ಆಸ್ಪತ್ರೆಗೇನು ಸ್ಟೀರಿಂಗ್ ಇದೆಯಾ. ಕನ್ನಡದಲ್ಲಿ ವಾಹನ ಚಲಾಯಿಸಬಹುದು, ಮತ ಚಲಾಯಿಸಬಹುದು, ಅಧಿಕಾರನೂ ಚಲಾಯಿಸಬಹುದು, ಆಸ್ಪತ್ರೆನಲ್ಲ. ಮಾಟುಂಗಾದಲ್ಲಿ, ಚೆಂಬೂರಲ್ಲಿ ಹೋಟೆಲ್ ಇರೋ ನಮ್ಮ ಕರಾವಳಿ ಕಡೆಯವರನ್ನ ಕೇಳಿ, ಹೋಟೆಲ್ ನಡೆಸ್ತೀವಿ ಅಂತಾರೆ, ಇಲ್ಲಾಂದ್ರೆ "ನಮ್ಮ ಭಾವ ದಾದರಲ್ಲಿ ಹೋಟೆಲ್ ಇಟ್ಟಿದಾರೆ". ಆ ಇಟ್ಟಿದಾರೆ ಯಾವ ಇಂಗ್ಲಿಷ್ ಕನ್ನಡ ಡಿಕ್ಷನರಿಲಿ ರನ್ನಿನ ಕೆಳಗೆ ಸಿಗುತ್ತೆ ಹೇಳಿ. ಅದಕ್ಕೇ ನಾನು ಕಿಟೆಲ್ ಸಾಹೇಬರ ಡಿಕ್ಷನರಿ ಇಟ್ಕೊಂಡಿದೀನಿ, 1894ರದ್ದು, ಕನ್ನಡದಿಂದ ಇಂಗ್ಲಿಷಿಗೆ ಹೋಗೋದು, ನಮ್ಮ ಕೆಲಸಕ್ಕೆ ಉಲ್ಟಾ. ಆದ್ರೆ ನಡೆ, ಬಿಡು, ಇಡು ಅಂತ ತೆಗೆದು ನೋಡಿದ್ರೆ ನಮ್ಮ ಚಿಕ್ಕ ಪದಗಳೂ ಎಷ್ಟು ದುಡೀತವೆ ಅಂತ ಕಾಣುತ್ತೆ, ಇಂಗ್ಲಿಷಿನ ರನ್ನಿಗೆ ಹೆದರಬೇಕಾಗಿಲ್ಲ ಅನ್ಸುತ್ತೆ.

ಇನ್ನು ಕಾರ್ಪೆಂಟರ್ ಹೇಳೋ ರನ್ನಿಂಗ್ ಫೂಟ್, ಬರೀ ಉದ್ದ ಲೆಕ್ಕ ಹಾಕೋದು, ಅಗಲ ಇಲ್ಲ, ಅದನ್ನ ಹಾಗೇ ಬಿಡಬೇಕು. ರೈಲ್ವೆಯ ರನ್ನಿಂಗ್ ರೂಮನ್ನೂ ಹಾಗೇ, ಪಾಪ ಅಲ್ಲಿ ಯಾರೂ ಓಡಲ್ಲ, ಡ್ಯೂಟಿ ಮುಗಿಸಿದ ಲೋಕೋ ಪೈಲಟ್‌ಗಳು ಮಲಗ್ತಾರೆ.

ಈಗ ನಿಜವಾದ ಓಡು. "ರನ್!" ಅಂತ ಒಂದೇ ಒಂದು ಪದ, ಮುಖದ ಕ್ಲೋಸಪ್ಪು. ಇದಕ್ಕಿಂತ ಸುಲಭ ಏನಿದೆ ಅನ್ಸುತ್ತಲ್ವಾ? ಇಂಗ್ಲಿಷಲ್ಲಿ ಆ ಪದಕ್ಕೆ ಯಾರಿಗೆ ಹೇಳ್ತಿರೋದು ಅನ್ನೋದೇ ಗೊತ್ತಿಲ್ಲ. ಕನ್ನಡದಲ್ಲಿ ಓಡು, ಓಡೋ, ಓಡೇ, ಓಡಿ, ಓಡ್ರೋ, ಒಂದನ್ನ ಆರಿಸಿಕೊಂಡ ತಕ್ಷಣ ಅವರಿಬ್ಬರ ಸಂಬಂಧವೇ ತೀರ್ಮಾನ ಆಗಿಬಿಡುತ್ತೆ. ಒಂದು ಥ್ರಿಲ್ಲರಲ್ಲಿ ಹುಡುಗಿ ತನ್ನ ಬಾಸಿಗೆ ಕೂಗಿ ಹೇಳ್ತಾಳೆ. ಡಬ್ ಮಾಡೋಕೆ ಬಂದಿದ್ದ ಧಾರವಾಡದ ಹುಡುಗಿ ಮೈಕಿಂದ ತಲೆ ಎತ್ತಿ ಕೇಳಿದ್ಲು, "ಅಕ್ಕಾ, ಹಿಂದಿಂದ ಗುಂಡು ಹೊಡಿಯಾಕತ್ತಾರ, ಈಗೂ ಬಾಸಿಗೆ ಓಡ್ರಿ ಅನ್ಬೇಕೇನು?" ಸರಿಯಾದ ಪ್ರಶ್ನೆ. ನಾನು ಹೇಳ್ದೆ, ಹಿಂದಿನ ಎಪಿಸೋಡ್ ತನಕ ನೀವು ಅಂತಿದ್ದವಳು ಇಲ್ಲಿಂದ ನೀನು ಅಂತಾಳೆ, ಈ ಒಂದು ಶಾಟಲ್ಲೇ ಅದು ಬದಲಾಗಲಿ, ಓಡು ಅನ್ನು. ಇಂಗ್ಲಿಷ್ ನೋಡಿದವರಿಗೆ ಆ ಬದಲಾವಣೆ ಸಿಗೋದೇ ಇಲ್ಲ. ಆಮೇಲಿನ ಎಪಿಸೋಡುಗಳ ನೀವುಗಳನ್ನೆಲ್ಲ ಕೂತು ನೀನು ಮಾಡ್ಬೇಕಾಯ್ತು, ಅದು ಬೇರೆ ವಿಷಯ.

ತುಟಿ ವಿಚಾರಾನೂ ಇದೆ, ಡಬ್ಬಿಂಗಲ್ಲಿ ನಮ್ಮ ಮಾತು ತೆರೆ ಮೇಲಿನ ತುಟಿಗೆ ಹೊಂದಬೇಕು. ಪ, ಬ, ಮ ಬಂದ್ರೆ ತುಟಿ ಮುಚ್ಚಲೇಬೇಕು, ರನ್ನಿಗೆ ತುಟಿ ಎಲ್ಲೂ ಮುಚ್ಚಲ್ಲ, ಶುರುವಿಗೆ ಸ್ವಲ್ಪ ಗುಂಡಗಾಗುತ್ತೆ. ನಮ್ಮ ಓ ಕೂಡ ಗುಂಡಗೇ, ಅದೃಷ್ಟ. ಕೊನೆಯ ಉಕಾರನ ನುಂಗಿ ಓಡ್! ಅಂದ್ರೆ ಅಚ್ಚುಕಟ್ಟಾಗಿ ಕೂರುತ್ತೆ. ಓಡಿಹೋಗು ಅಂತ ಬರೆದ್ರೋ ಮುಗೀತು, ಬಾಯಿ ನಿಂತ ಮೇಲೂ ಮಾತು ಬರ್ತಿರುತ್ತೆ.

ಓಡೋದಕ್ಕೆ ಪರ್ಯಾಯ ಪದ ಬೇಕಾದಾಗ ಥೆಸಾರಸ್ ತೆಗೆಯೋರಿದಾರೆ. ರೊಜೆ ಅನ್ನೋ ಡಾಕ್ಟರ್ 1852ರಲ್ಲಿ ಪ್ರಿಂಟ್ ಮಾಡ್ಸಿದ್ದು, ಪದಗಳನ್ನ ಅಕ್ಷರದ ಪ್ರಕಾರ ಇಡದೆ ಅರ್ಥದ ಪ್ರಕಾರ ಗುಂಪು ಮಾಡಿದ ಪುಸ್ತಕ, ಇಂಗ್ಲಿಷಲ್ಲಿ ಬರೆಯೋರಿಗೆ ಬಂಗಾರ. ನಮಗೆ ಅರ್ಧ ದಾರಿ ಮಾತ್ರ ಬರುತ್ತೆ. ಯಾಕಂದ್ರೆ ಇಂಗ್ಲಿಷಲ್ಲಿ ಸ್ಪ್ರಿಂಟ್, ಡ್ಯಾಶ್, ಸ್ಕ್ಯಾಂಪರ್, ಬೋಲ್ಟ್ ಅಂತ ಓಡೋ ರೀತಿ ಕ್ರಿಯಾಪದದ ಒಳಗೇ ಇರುತ್ತೆ, ನಾವು ಓಡು ಅನ್ನೋದನ್ನ ಹಾಗೇ ಇಟ್ಟು ಮುಂದೊಂದು ಸದ್ದು ಜೋಡಿಸ್ತೀವಿ. ಮಗು ಪುಟುಪುಟು ಓಡುತ್ತೆ, ಹುಡುಗರು ದಡಬಡ ಓಡ್ತಾರೆ, ಹೆದರಿದವನು ಎದ್ದೆನೋ ಬಿದ್ದೆನೋ ಅಂತ ಓಡ್ತಾನೆ. ತಪ್ಪಿಸ್ಕೊಂಡು ಓಡೋದಕ್ಕಂತೂ ನಮ್ಮಲ್ಲಿ ಶ್ರೀಮಂತಿಕೆ ಜಾಸ್ತಿನೇ, ಓಟ ಕಿತ್ತ, ಪೇರಿ ಕಿತ್ತ, ಕಂಬಿ ಕಿತ್ತ, ಕಾಲಿಗೆ ಬುದ್ಧಿ ಹೇಳಿದ, ಪರಾರಿಯಾದ. ಎಲ್ಲ ಒಂದೇ ಅಲ್ಲ. ಪರಾರಿ ಪೇಪರ್‌ನವರದ್ದು, ಪೊಲೀಸ್ ಸ್ಟೇಷನ್ ವಾಸನೆ ಇದೆ. ಕಂಬಿ ಕೀಳೋನು ಹಿಂದೆ ಏನೋ ಬಾಕಿ ಬಿಟ್ಟು ಹೋಗಿರ್ತಾನೆ. ಪೇರಿ ಕಿತ್ತಲ್ಲಿ ನಗು ಇದೆ, ಕಾಲಿಗೆ ಬುದ್ಧಿ ಹೇಳೋದರಲ್ಲಿ ಇನ್ನೂ ಜಾಸ್ತಿ, ಹಾಗಾಗಿ ಹಾರರ್ ಸೀನಲ್ಲಿ ಇವೆರಡನ್ನೂ ಹಾಕಿದ್ರೆ ದೆವ್ವನೇ ನಕ್ಕುಬಿಡುತ್ತೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಮೀನಿನ ರನ್. ಡಾಕ್ಯುಮೆಂಟರಿಲಿ ಸಾಲ್ಮನ್ ರನ್ ಅಂತ ಬರ್ತಿತ್ತು, ಸಮುದ್ರದಲ್ಲಿ ಬೆಳೆದ ಸಾಲ್ಮನ್ ಮೊಟ್ಟೆ ಇಡೋಕೆ ತಾನು ಹುಟ್ಟಿದ ನದಿಗೆ ವಾಪಸ್ ಬರೋದು, ಪ್ರವಾಹಕ್ಕೆ ಎದುರಾಗಿ ಈಜ್ಕೊಂಡು, ಪೆಸಿಫಿಕ್ ಕಡೆಯ ಜಾತಿಗಳು ಮೊಟ್ಟೆ ಇಟ್ಟ ಮೇಲೆ ಅಲ್ಲೇ ಸಾಯ್ತವೆ. ಸ್ಕ್ರಿಪ್ಟಿನ ಹಳೇ ಡ್ರಾಫ್ಟಲ್ಲಿ ಮೀನುಗಳ ಓಟ ಅಂತಿತ್ತು, ಯಾರೋ ಮ್ಯಾರಥಾನ್ ಇಟ್ಟಂಗೆ. ನಮ್ಮ ಮಲೆನಾಡಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆ ಮೀನು ಹಳ್ಳ, ಗದ್ದೆ ಕಡೆ ಎದುರು ನೀರಿಗೆ ಬರ್ತವಲ್ಲ, ಅದಕ್ಕೆ ಹತ್ತುಮೀನು ಅಂತಾರೆ, ಮೀನು ಹತ್ತಿದಾವೆ ಅಂದ್ರೆ ಊರೇ ಬುಟ್ಟಿ ಹಿಡ್ಕೊಂಡು ಹೊರಡುತ್ತೆ. ಸಾಲ್ಮನ್ ಹತ್ತೋ ಕಾಲ ಅಂತ ಬರೆದೆ. ಅಂಧೇರಿಯ ಏಸಿ ಬೂತಲ್ಲಿ ಕೂತು ಆ ಸಾಲ್ಮನ್ ಹಿಡಿಯೋ ಅಲಾಸ್ಕಾದ ಕರಡಿಗೆ ತೀರ್ಥಹಳ್ಳಿ ಕನ್ನಡ ಹೊಂದಿಸೋದು, ಈ ಕೆಲಸದಲ್ಲಿ ಸಂಬಳ ಬಿಟ್ರೆ ಸಿಗೋ ಸುಖ ಇದೇ.

ರನ್ ಫಾರ್ ಹಿಸ್ ಮನಿ ಅಂತ ಬಂದ್ರೆ ಮಾತ್ರ ದುಡ್ಡು, ಓಟ ಎರಡನ್ನೂ ಬಿಟ್ಟುಬಿಡಿ. ಕೊನೆಗೆ ಯಾರೇ ಗೆಲ್ಲಲಿ, ಇವನು ಎದುರಾಳಿಗೆ ಸುಲಭಕ್ಕೆ ಬಿಟ್ಟುಕೊಡ್ಲಿಲ್ಲ ಅನ್ನೋದು ಅರ್ಥ. ಸಬ್‌ಟೈಟಲಲ್ಲಿ ನಾನು ನೀರು ಕುಡಿಸ್ದ ಅಂತ ಹಾಕ್ತೀನಿ, ಚಿಕ್ಕದು, ಕಣ್ಣಿಗೆ ಬೇಗ ಸಿಗುತ್ತೆ. ಡಬ್ಬಿಂಗಲ್ಲಿ ಮನಿ ಅನ್ನೋ ಮಕಾರಕ್ಕೆ ತುಟಿ ಮುಚ್ಚೋದು ಕಾಣ್ತಿದ್ರೆ ಬೆವರಿಳಿಸ್ದ ಅಂತ ಮಾಡಿ, ಬಕಾರನ ಆ ಜಾಗಕ್ಕೆ ಎಳ್ಕೊಂಡು ಬರ್ತೀನಿ.