ಮಡಿಕೇರಿಗೆ ಒಂದು ಸುತ್ತು: ಕೋಟೆ, ಗದ್ದುಗೆ, ಕೆರೆ, ರಾಜಾಸೀಟು

ಕೋಟೆ, ಕೊಡಗಿನ ರಾಜರ ಸಮಾಧಿಗಳಿರುವ ಗದ್ದುಗೆ, ಓಂಕಾರೇಶ್ವರ ದೇವಸ್ಥಾನದ ಕೆರೆ, ಸೂರ್ಯಾಸ್ತ ನೋಡುವ ರಾಜಾಸೀಟು, ಈ ನಾಲ್ಕನ್ನೂ ಕಾರಿನಲ್ಲಿ ನೋಡಲು ಹೊರಟರೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ನಡೆದರೆ ಸುಮಾರು 6 ಕಿ.ಮೀ. ನೋಡುವ ಸಮಯವೂ ಸೇರಿ ನಾಲ್ಕು ಗಂಟೆ ಸಾಕು. ಆಯಾಸ ದೂರದಿಂದಲ್ಲ, ಏರಿಳಿತದಿಂದ. ಕೋಟೆ ದಿಬ್ಬದ ಮೇಲಿದೆ, ಓಂಕಾರೇಶ್ವರ ದೇವಸ್ಥಾನ ತಗ್ಗಿನಲ್ಲಿದೆ, ಗದ್ದುಗೆಗೆ ಮತ್ತೆ ಹತ್ತಬೇಕು. ಜೊತೆಗೆ ಒಂದೊಂದು ಕಡೆ ಬಾಗಿಲು ತೆರೆಯುವುದು ಒಂದೊಂದು ವೇಳೆಗೆ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಸರಿಯಾಗಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಸೋಮವಾರ ಬೇಡ, ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಹಿಡಿತವಿರುವ ಅಡಿಯ ಶೂ, ಒಂದು ಲೀಟರ್ ನೀರು, ತೆಳುವಾದ ಸ್ವೆಟರ್ ಇರಲಿ. ಮಧ್ಯಾಹ್ನದ ಬಿಸಿಲು ನಂಬಿ ಸ್ವೆಟರ್ ಬಿಟ್ಟುಬಂದವರು ಸಂಜೆ ರಾಜಾಸೀಟಿನಲ್ಲಿ ಕೈಕಟ್ಟಿ ನಡುಗುತ್ತಾರೆ.

ಮಧ್ಯಾಹ್ನ 2ಕ್ಕೆ ಕೋಟೆಯಿಂದ ಹೊರಡಿ. ಬಸ್ ನಿಲ್ದಾಣದಿಂದ ಇಲ್ಲಿಗೆ ನಡೆದೇ ಬರಬಹುದು. ಪೂರ್ವದ ಬಾಗಿಲು ನೇರವಾಗಿ ಒಳಕ್ಕೆ ಬಿಡುವುದಿಲ್ಲ, ಸುತ್ತಿಸಿ ಬಿಡುತ್ತದೆ. ನುಗ್ಗಿ ಬರುವ ಶತ್ರುವಿನ ವೇಗ ಮುರಿಯುವುದಕ್ಕೇ ಹೀಗೆ ಕಟ್ಟಿದ್ದು. ಕೊಡಗಿನ ರಾಜ ಮುದ್ದುರಾಜ 17ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದದ್ದು ಟಿಪ್ಪು. 1790ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಅದನ್ನು ಗೆದ್ದುಕೊಂಡ. ಒಳಗಿರುವ ಅರಮನೆ 1812ರಿಂದ 1814ರ ನಡುವೆ ಆಮೇಲಿನ ರಾಜ ಲಿಂಗರಾಜೇಂದ್ರ ಹೊಸದಾಗಿ ಕಟ್ಟಿಸಿದ್ದು. ಹೆಂಚಿನ ಮಾಡು, ಉದ್ದನೆಯ ಸಾಲು ಕಿಟಕಿ. ಗಡಿಯಾರದ ಗೋಪುರ ಮಾತ್ರ 1933ರದ್ದು; ಅದನ್ನೂ ರಾಜರ ಕಾಲದ್ದೆಂದು ತಿಳಿಯುವವರೇ ಹೆಚ್ಚು. ಈಶಾನ್ಯ ಮೂಲೆಯಲ್ಲಿ ನಿಜವಾದ ಆನೆಗಳ ಅಳತೆಯ ಎರಡು ಗಾರೆ ಆನೆಗಳಿವೆ. 1855ರ ಸೇಂಟ್ ಮಾರ್ಕ್ಸ್ ಚರ್ಚು ಈಗ ವಸ್ತುಸಂಗ್ರಹಾಲಯವಾಗಿದೆ. ವೀರಭದ್ರ ದೇವಸ್ಥಾನವನ್ನು ತೆಗೆಸಿ ಬ್ರಿಟಿಷರು ಈ ಚರ್ಚು ಕಟ್ಟಿಸಿದರು.

ಗೋಡೆಯ ಮೇಲೆ ಹತ್ತಿದರೆ ಆರು ಮೂಲೆಯ ಕೋಟೆ ದಿಬ್ಬದ ಆಕಾರಕ್ಕೆ ಹೇಗೆ ಬಾಗಿದೆ ಎಂದು ಕಾಣುತ್ತದೆ, ಮೂಲೆಗಳಲ್ಲಿ ದುಂಡಗಿನ ಕೊತ್ತಳಗಳು. ಕಲ್ಲಿನ ಮೇಲೆ ಪಾಚಿ ಇದ್ದರೆ ಹತ್ತಲೇಬೇಡಿ. ಹತ್ತಿದವರು ಅಂಚಿಗೆ ಬೆನ್ನುಹಾಕಿ ಫೋಟೊ ತೆಗೆಸಿಕೊಳ್ಳುವುದೂ ಬೇಡ.

3ಕ್ಕೆ ಕೋಟೆಯಿಂದ ಇಳಿದು ಚೌಕಿ ಎಂಬ ಕೂಡುರಸ್ತೆಗೆ ಬನ್ನಿ, ಅಲ್ಲಿಂದ ಮಹದೇವಪೇಟೆ ರಸ್ತೆ ಹಿಡಿಯಿರಿ. ಪೇಟೆ ಮುಗಿಯುತ್ತಾ ಏರು ಶುರುವಾಗುತ್ತದೆ. ಇಡೀ ಸುತ್ತಿನಲ್ಲಿ ಉಸಿರು ಹಿಡಿಸುವ ಜಾಗಗಳಲ್ಲಿ ಇದೊಂದು. ಗುಮ್ಮಟ ಮತ್ತು ಮಿನಾರುಗಳನ್ನು ನೋಡಿ ಗದ್ದುಗೆಯನ್ನು ಮಸೀದಿ ಎಂದುಕೊಳ್ಳುವುದು ಸಹಜ. ಮೂಲೆಗಳಲ್ಲಿರುವ ನಂದಿಗಳನ್ನು ಕಂಡಾಗ ಅನುಮಾನ ತೀರುತ್ತದೆ. ನಡುವಿನ ದೊಡ್ಡ ಗದ್ದುಗೆ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು, ಪಕ್ಕದ್ದು ಲಿಂಗರಾಜೇಂದ್ರನದು. ಹತ್ತಿರದಲ್ಲೇ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ. ರಾಜರಿಗಾಗಿ ಹೋರಾಡಿದವರು ಇವರು. ಹೆಚ್ಚಿನವರು ಇತ್ತ ತಿರುಗಿಯೂ ನೋಡದೆ ಅಬ್ಬಿ ಜಲಪಾತದ ಕಡೆ ಹೋಗಿಬಿಡುತ್ತಾರೆ.

ಸುಮಾರು 4.15ಕ್ಕೆ ಇಳಿಯಲು ಶುರುಮಾಡಿ. ಸ್ವಲ್ಪ ದೂರ ಬಂದ ದಾರಿಯಲ್ಲೇ ಮರಳಬೇಕು, ಆಮೇಲೆ ಓಂಕಾರೇಶ್ವರದ ತಗ್ಗಿಗೆ. ಫೋನಿನ ನಕ್ಷೆ ತೋರಿಸುವ ಒಳದಾರಿಗಳನ್ನು ನಂಬಬೇಡಿ. ಎರಡು ರಸ್ತೆಗಳು ನಕ್ಷೆಯಲ್ಲಿ ಒತ್ತಾಗಿದ್ದರೂ ನಡುವೆ ಎತ್ತರದ ಬರೆ (ಕಡಿದಾದ ಮಣ್ಣಿನ ದಿಬ್ಬ) ಇರಬಹುದು, ಇಲ್ಲವೇ ದಾರಿ ಯಾರದೋ ಮನೆಯಂಗಳಕ್ಕೆ ಕೊನೆಯಾಗಬಹುದು. ಅಂಗಡಿಯವರನ್ನು ಕೇಳುವುದೇ ಲೇಸು.

ದೇವಸ್ಥಾನ ಸಾಮಾನ್ಯವಾಗಿ ಮಧ್ಯಾಹ್ನ 12ರ ಹೊತ್ತಿಗೆ ಮುಚ್ಚಿ ಸಂಜೆ 5ರ ಸುಮಾರಿಗೆ ತೆರೆಯುತ್ತದೆ. ಕೋಟೆಯ ಹತ್ತಿರವೇ ಇದ್ದರೂ ಇದನ್ನು ಮೂರನೆಯದಾಗಿ ಇಟ್ಟಿದ್ದು ಅದಕ್ಕೇ. ಬಾಗಿಲು ತೆರೆಯುವವರೆಗೆ ಕೆರೆಯ ಮೆಟ್ಟಿಲ ಮೇಲೆ ಕಾಲಿಗೆ ವಿಶ್ರಾಂತಿ ಕೊಡಿ. ನೀರಿನ ನಡುವೆ ಮಂಟಪ, ಅದಕ್ಕೊಂದು ಕಾಲುದಾರಿ, ಕೆಳಗೆ ಮೀನುಗಳ ಹಿಂಡು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಈ ಗುಡಿಗೂ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಗದ್ದುಗೆ ನೋಡಿ ಬಂದವರಿಗೆ ಎರಡರ ಹೋಲಿಕೆ ತಾನಾಗಿ ಕಾಣುತ್ತದೆ. ಶೂ ಬಿಚ್ಚುವಾಗ ಸಾಕ್ಸನ್ನೂ ಬಿಚ್ಚಿ ಅದರೊಳಗೇ ಇಡಿ, ಒದ್ದೆ ಸಾಕ್ಸಿನಲ್ಲಿ ಏರು ಹತ್ತಿದರೆ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ.

5.20ಕ್ಕೆ ಹೊರಡಲೇಬೇಕು. ರಾಜಾಸೀಟಿಗೆ ಅರ್ಧ ಗಂಟೆ, ಬಹುಪಾಲು ಏರು. ಡಿಸೆಂಬರಿನಲ್ಲಿ ಸೂರ್ಯ 6ರ ಆಸುಪಾಸಿಗೇ ಮುಳುಗುತ್ತಾನೆ. ಫೆಬ್ರುವರಿಯಲ್ಲಿ ಇನ್ನೂ ಅರ್ಧ ಗಂಟೆ ಸಿಗುತ್ತದೆ. ಟಿಕೆಟ್ ಸಾಲಿಗೆ ಹತ್ತು ನಿಮಿಷ ಎತ್ತಿಡಿ, ಶನಿವಾರ ಭಾನುವಾರವಾದರೆ ಅದಕ್ಕೂ ಹೆಚ್ಚು. ಅಲ್ಲಿಂದ ಬಸ್ ನಿಲ್ದಾಣಕ್ಕೆ ಸುಮಾರು 1 ಕಿ.ಮೀ. ಇಳಿಜಾರು. ಎಲ್ಲ ಕಡೆ ಫುಟ್‌ಪಾತ್ ಇಲ್ಲ, ಸೂರ್ಯ ಮುಳುಗಿದ ಕೂಡಲೇ ಕಾರುಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಎದುರು ಬರುವ ಗಾಡಿ ಕಾಣುವಂತೆ ಬಲಬದಿಯಲ್ಲಿ, ಟಾರ್ಚ್ ಹಚ್ಚಿಕೊಂಡು ನಡೆಯಿರಿ.

ಮಳೆಗಾಲದಲ್ಲೇ ಬಂದಿದ್ದೀರಿ ಎಂದರೆ ಲೆಕ್ಕ ಬೇರೆ. ಸಂಜೆ ಮಂಜು ಕವಿದರೆ ರಾಜಾಸೀಟಿನಲ್ಲಿ ಎದುರಿನ ಬೇಲಿಯೂ ಕಾಣುವುದಿಲ್ಲ, ಅದನ್ನು ಬಿಟ್ಟುಬಿಡಿ. ಬೆಳಿಗ್ಗೆ ದೇವಸ್ಥಾನದಿಂದ ಶುರುಮಾಡಿ 10ರ ಮೇಲೆ ಕೋಟೆಗೆ ಬನ್ನಿ. ಗಾಳಿಗೆ ಕೊಡೆ ಮಗುಚುತ್ತದೆ, ರೈನ್‌ಕೋಟ್ ತನ್ನಿ. ಹುಲ್ಲಂಚಿನಲ್ಲಿ ಕಾಲಿಟ್ಟರೆ ಜಿಗಣೆ ಹತ್ತುತ್ತದೆ. ಎಳೆದು ಕೀಳದೆ ಉಗುರಿನಿಂದ ಅದರ ಬಾಯಿಯನ್ನು ಮೆಲ್ಲಗೆ ಸರಿಸಿ ಬಿಡಿಸಿ. ಬರೆಯ ಬುಡದಲ್ಲಿ ಮಳೆಗೆ ನಿಲ್ಲಬೇಡಿ. ನೀರು ಕುಡಿದ ಮಣ್ಣು ಯಾವಾಗ ಜಾರುತ್ತದೆ ಎಂದು ಹೇಳಲಾಗದು. ರೆಡ್ ಅಲರ್ಟ್ ಇದ್ದ ದಿನ ಹೊರಡುವುದೇ ಬೇಡ.