ಬಯಲುಸೀಮೆಯಲ್ಲಿ ಮನೆಯ ಕಾರಿನ ನಿರ್ವಹಣೆ: ನನ್ನ ಅನುಭವ

ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಸರ್ವಿಸಿನ ಅವಧಿಯನ್ನು ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿದ್ದಾರೆ. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರಿನ ಮಟ್ಟಿಗೆ ಆ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ. ಆದರೆ ದಾವಣಗೆರೆಯಲ್ಲಿ ಮನೆ ಮಾಡಿಕೊಂಡು, ಹೊಳಲ್ಕೆರೆ ಕಡೆಯ ನಮ್ಮೂರಿಗೂ ಚಿತ್ರದುರ್ಗಕ್ಕೂ ಆಗಾಗ ಬೆಂಗಳೂರಿಗೂ ತಾಯಿ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ನನ್ನಂಥವನಿಗೆ ಕಿಲೋಮೀಟರಿನ ಲೆಕ್ಕವೊಂದೇ ಸಾಲದು. ಇಲ್ಲಿ ಟೈರನ್ನು ಸವೆಸುವುದು ಬಿಸಿಲು, ಬ್ರೇಕಿನ ಮೇಲಿನ ನಂಬಿಕೆಯನ್ನು ಪರೀಕ್ಷಿಸುವುದು ಮಳೆ, ಕಾರಿನ ತಳಕ್ಕೆ ಬೆಂಕಿ ಹಚ್ಚಬಲ್ಲದ್ದು ಸುಗ್ಗಿ. ಆದ್ದರಿಂದ ನನ್ನ ತಪಾಸಣೆಯನ್ನು ನಾನು ಈ ಮೂರು ಕಾಲಗಳಿಗೆ ಹೊಂದಿಸಿಕೊಂಡಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಮನೆಯಂಗಳದಲ್ಲಿ ಕಾರಿನ ಮಾಲೀಕನೊಬ್ಬ ತಾನೇ ಮಾಡಿಕೊಳ್ಳಬಹುದಾದಷ್ಟನ್ನು ಮಾತ್ರ ಇಲ್ಲಿ ಹೇಳುತ್ತಿದ್ದೇನೆ.

ಶಿವರಾತ್ರಿ ಕಳೆಯುತ್ತಿದ್ದಂತೆ ಮೊದಲು ನೋಡುವುದು ಟೈರುಗಳನ್ನು. ಬೇಸಿಗೆಯಲ್ಲಿ ಗಾಳಿಯನ್ನು ಸ್ವಲ್ಪ ಕಡಿಮೆ ಇಡಬೇಕು, ಇಲ್ಲದಿದ್ದರೆ ಟೈರು ಸಿಡಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ನಿಜ ಇದಕ್ಕೆ ತದ್ವಿರುದ್ಧವಾಗಿದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ. ಹಾಗೆ ಬಾಗಿ ಬಾಗಿ ಒಳಗೇ ಕಾವು ಹುಟ್ಟಿ, ಕಾದ ಹೆದ್ದಾರಿಯ ಮೇಲೆ ತುಂಬಿದ ಕಾರಿನ ಭಾರ ಹೊತ್ತು ಒಂದೇ ಸಮನೆ ಓಡುವಾಗ ರಬ್ಬರು ಮತ್ತು ಒಳಗಿನ ಎಳೆಗಳು ಬಿಟ್ಟುಕೊಳ್ಳುತ್ತವೆ. ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಎಂದಿದೆಯೋ ಅಷ್ಟನ್ನು, ಐದು ಜನ ಮತ್ತು ಸಾಮಾನು ಇರುವಾಗ ಪೂರ್ತಿ ಭಾರಕ್ಕೆಂದು ಅದೇ ಚೀಟಿ ಹೇಳುವ ಹೆಚ್ಚಿನ ಅಳತೆಯನ್ನು, ಬೆಳಿಗ್ಗೆ ಕಾರು ಹೊರಡುವ ಮೊದಲು ಟೈರು ತಣ್ಣಗಿರುವಾಗಲೇ ಹಿಡಿಸುತ್ತೇನೆ. ಉಷ್ಣತೆ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುವುದು ಸಹಜ. ಹಿರಿಯೂರಿನ ಬಂಕಿನಲ್ಲಿ ಮಧ್ಯಾಹ್ನ ಅಳೆದಾಗ ನಾಲ್ಕೈದು ಹೆಚ್ಚು ತೋರಿಸಿತೆಂದು ಗಾಳಿ ಬಿಟ್ಟುಬಿಟ್ಟರೆ ರಾತ್ರಿ ಹಿಂದಿರುಗುವಾಗ ಕಡಿಮೆ ಗಾಳಿಯಲ್ಲಿ ಓಡಿಸಿದಂತಾಗುತ್ತದೆ. ನೈಟ್ರೋಜನ್ ತುಂಬಿಸಿಕೊಳ್ಳಿ ಎಂದು ಒತ್ತಾಯಿಸುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇರುವುದರಿಂದ ನಾನು ಅದಕ್ಕೆ ದುಡ್ಡು ಕೊಡುವುದಿಲ್ಲ. ಆ ಹಣದಲ್ಲಿ ಗಾಳಿಯ ಒತ್ತಡ ಅಳೆಯುವ ಒಂದು ಒಳ್ಳೆಯ ಗೇಜು ಕೊಂಡಿಟ್ಟುಕೊಂಡಿದ್ದೇನೆ.

ಟೈರಿನ ವಯಸ್ಸನ್ನು ಬಹಳ ಜನ ನೋಡುವುದೇ ಇಲ್ಲ. ಅದರ ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಒತ್ತಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು ಎಂದರ್ಥ. ಕಡಿಮೆ ಓಡುವ ಮನೆಯ ಕಾರಿನಲ್ಲಿ ಟೈರಿನ ಗೀರುಗಳು ಆಳವಾಗಿಯೇ ಉಳಿದಿರುತ್ತವೆ, ಆದರೆ ರಬ್ಬರು ಬಿಸಿಲಿಗೆ ಗಡುಸಾಗಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಆರು ವರ್ಷ ತುಂಬಿದ ಟೈರನ್ನು ನಾನು ನೋಡಲು ಚೆನ್ನಾಗಿದೆಯೆಂದು ಉಳಿಸಿಕೊಳ್ಳುವುದಿಲ್ಲ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಇದೇ ನಿಯಮ. ಓಡುವಾಗ ಟೈರು ಸಿಡಿದರೆ ಬ್ರೇಕನ್ನು ತುಳಿಯದೆ, ಸ್ಟಿಯರಿಂಗನ್ನು ಎರಡೂ ಕೈಗಳಲ್ಲಿ ನೇರವಾಗಿ ಬಿಗಿಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕೆಂಬುದನ್ನು ಕಾರು ಓಡಿಸುವ ನನ್ನ ಹೆಂಡತಿಗೂ ಹೇಳಿಕೊಟ್ಟಿದ್ದೇನೆ.

ಬೇಸಿಗೆಯ ಎರಡನೆಯ ಕೆಲಸ ಕೂಲೆಂಟು, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಚಿತ್ರದುರ್ಗ ಸೀಮೆಯ ಬೋರ್‌ವೆಲ್ ನೀರು ಗಡುಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಆ ನೀರನ್ನು ರೇಡಿಯೇಟರಿಗೆ ಸುರಿದರೆ ಅದರ ಸಣ್ಣ ನಾಳಗಳಲ್ಲೂ ಅಂಥದ್ದೇ ಪೊರೆ ಕಟ್ಟಿ ಶಾಖ ಹೊರಹೋಗುವುದು ನಿಲ್ಲುತ್ತದೆ. ಕಂಪನಿ ಹೇಳಿದ ಕೂಲೆಂಟನ್ನೇ ಬಳಸಬೇಕು, ಬ್ಯಾಟರಿಗೆ ನೀರು ಹಾಕುವಂಥದ್ದಾದರೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕಬೇಕು. ಉಷ್ಣತೆಯ ಮುಳ್ಳು ಮೇಲೇರಿದರೆ ಎಸಿ ನಿಲ್ಲಿಸಿ, ಕಾರನ್ನು ರಸ್ತೆಯಿಂದ ಕೆಳಗಿಳಿಸಿ, ಎಂಜಿನ್ ಬಂದ್ ಮಾಡಿ ಪೂರ್ತಿ ತಣ್ಣಗಾಗುವವರೆಗೆ ಕಾಯುವುದು ಮಾತ್ರ ದಾರಿ. ಒಳಗಿನ ದ್ರವವು ಒತ್ತಡದಲ್ಲಿ ಇರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ; ರೇಡಿಯೇಟರಿನ ಮುಚ್ಚಳ ತಿರುಗಿಸಿದೊಡನೆ ಒತ್ತಡ ಇಳಿದು ಅದು ಒಮ್ಮೆಗೇ ಕುದಿದು ಆವಿಯೊಡನೆ ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು ಮಾತು: ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು. ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುವಷ್ಟು ಹೊತ್ತಿಗೂ ನಾನು ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಹೋಗುವುದಿಲ್ಲ.

ಮಳೆಗಾಲದ ಸಿದ್ಧತೆ ಚಿಕ್ಕದು. ವೈಪರಿನ ರಬ್ಬರನ್ನು ಮೇ ತಿಂಗಳ ಕೊನೆಗೆ ಬದಲಿಸುತ್ತೇನೆ, ಏಕೆಂದರೆ ನಮ್ಮ ಬಿಸಿಲಿಗೆ ಅದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಟೈರಿನ ಗೀರುಗಳೊಳಗೆ ಇರುವ ಸಣ್ಣ ಉಬ್ಬು 1.6 ಮಿ.ಮೀ. ಆಳವನ್ನು ಸೂಚಿಸುತ್ತದೆ, ಮೇಲ್ಮೈ ಅದಕ್ಕೆ ಸಮನಾದರೆ ಕಾನೂನಿನ ಪ್ರಕಾರವೇ ಆ ಟೈರಿನ ಆಯುಷ್ಯ ಮುಗಿಯಿತು, ಆದರೆ ನಿಂತ ನೀರಿನ ಮೇಲೆ ಹಿಡಿತ ಅದಕ್ಕೂ ಮೊದಲೇ ಸಡಿಲುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ತೇವ ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿದು, ಆಗುಂಬೆಯಂಥ ಘಾಟಿಯಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುವಾಗ ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಲು ಗ್ಯಾರೇಜಿನಲ್ಲಿ ನಾನೇ ಕೇಳಿ ಬರೆಸುತ್ತೇನೆ. ಕೇಳದಿದ್ದರೆ ಕಡಿಮೆಯಾದಷ್ಟನ್ನು ಮೇಲೆ ಸುರಿದು ಕಳಿಸುವುದೇ ಹೆಚ್ಚು.

ಹೊರಗಿನ ಕೈಪಿಡಿಗಳಲ್ಲಿ ಎಲ್ಲೂ ಸಿಗದ ಅಪಾಯ ನಮ್ಮ ಸುಗ್ಗಿಯದು. ನವೆಂಬರಿನಿಂದ ಫೆಬ್ರುವರಿಯವರೆಗೆ ಹಳ್ಳಿಯ ಡಾಂಬರು ರಸ್ತೆಗಳೇ ಕಣಗಳಾಗುತ್ತವೆ: ಒಂದು ಕಡೆ ಮೆಕ್ಕೆಜೋಳವನ್ನು ಒಣಗಲು ಹರಡಿರುತ್ತಾರೆ, ಇನ್ನೊಂದು ಕಡೆ ರಾಗಿಯನ್ನೂ ಹುರುಳಿಯನ್ನೂ ವಾಹನಗಳ ಚಕ್ರಕ್ಕೆ ಸಿಕ್ಕಿ ಒಕ್ಕಲಾಗಲೆಂದು ರಾಶಿ ಹಾಕಿರುತ್ತಾರೆ. ಕಣ ಮಾಡುವ ಜಾಗವೂ ಕೂಲಿಯ ಆಳೂ ಇಲ್ಲದ ರೈತನ ಕಷ್ಟ ನನಗೆ ಅರ್ಥವಾಗುತ್ತದೆ, ನಮ್ಮ ಮನೆಯೂ ಒಕ್ಕಲುತನದ್ದೇ. ಆದರೂ ಹುರುಳಿ ಬಳ್ಳಿಯ ವಿಷಯದಲ್ಲಿ ನಾನು ದಾಕ್ಷಿಣ್ಯ ಮಾಡುವುದಿಲ್ಲ. ಅದು ಚಕ್ರ ತಿರುಗಿಸುವ ಆಕ್ಸಲಿಗೆ ಹಗ್ಗದಂತೆ ಸುತ್ತಿಕೊಂಡು ತಳದಲ್ಲಿ ಗಟ್ಟಿಯಾದ ಉಂಡೆಯಾಗುತ್ತದೆ. ಅಲ್ಲೇ ಪಕ್ಕದಲ್ಲಿ ಸೈಲೆನ್ಸರಿನ ಕೊಳವೆ ಮತ್ತು ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ನೂರಾರು ಡಿಗ್ರಿ ಕಾದಿರುತ್ತವೆ. ಒಣ ಸೊಪ್ಪು ಹೊತ್ತಿಕೊಳ್ಳಲು ಅಷ್ಟು ಧಾರಾಳವಾಗಿ ಸಾಕು.

ಆದ್ದರಿಂದ ಸುಗ್ಗಿಯ ಕಾಲದಲ್ಲಿ ಬಳಸು ದಾರಿಯಿದ್ದರೆ ಐದಾರು ಕಿಲೋಮೀಟರ್ ಹೆಚ್ಚಾದರೂ ಅದನ್ನೇ ಹಿಡಿಯುತ್ತೇನೆ. ಇಲ್ಲದಿದ್ದರೆ ಕಾರು ನಿಲ್ಲಿಸಿ, ‘ಯಜಮಾನ್ರೇ, ಒಂಚೂರು ಸೊಪ್ಪು ಸರಿಸಿಕೊಡ್ರಿ, ಕಾರಿಗೆ ಸುತ್ತಿಕೊಂಡ್ರೆ ಬೆಂಕಿ ಹತ್ತುತ್ತೆ’ ಎಂದು ಕೇಳಿಕೊಳ್ಳುತ್ತೇನೆ. ಬೇಡವೆಂದವರನ್ನು ನಾನು ಕಂಡಿಲ್ಲ. ಹಾದುಹೋಗಲೇಬೇಕಾಗಿ ಬಂದರೆ ರಾಶಿಯ ಮೇಲೆ ನಿಲ್ಲದೆ ನಿಧಾನವಾಗಿ ದಾಟಿ, ಬರಿಯ ರಸ್ತೆಯಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಟಾರ್ಚು ಹಿಡಿದು ಬಗ್ಗಿ ತಳ ನೋಡುತ್ತೇನೆ. ಸಿಕ್ಕಿದ್ದನ್ನು ದಪ್ಪ ಕೈಗವಸು ಹಾಕಿಕೊಂಡು ಕುಡುಗೋಲಿನಿಂದ ಕತ್ತರಿಸಿ ಎಳೆಯುತ್ತೇನೆ. ಸುಟ್ಟ ಹುಲ್ಲಿನ ವಾಸನೆ ಬಂದರೆ ಮೊದಲು ಎಲ್ಲರನ್ನೂ ಇಳಿಸಿ ದೂರ ಕಳಿಸಬೇಕು, ನಂತರವೇ ಉಳಿದದ್ದು. ಬಾನೆಟ್ಟಿನ ಸಂದಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ಎತ್ತಬಾರದು, ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ. ಒಂದು ಕೆಜಿಯ ಎಬಿಸಿ ಪುಡಿಯ ಅಗ್ನಿಶಾಮಕವನ್ನು ಚಾಲಕನ ಪಕ್ಕದ ಸೀಟಿನ ಕೆಳಗೆ ಪಟ್ಟಿಯಿಂದ ಬಿಗಿದಿಟ್ಟಿದ್ದೇನೆ. ಅದರ ಒತ್ತಡದ ಮುಳ್ಳು ಹಸಿರಿನಲ್ಲಿ ಇದೆಯೇ ಎಂದು ನೋಡುವುದರ ಜೊತೆಗೆ, ಪುಡಿ ತಳದಲ್ಲಿ ಹೆಪ್ಪುಗಟ್ಟದಿರಲೆಂದು ಆಗಾಗ ತಲೆಕೆಳಗು ಮಾಡಿ ಅಲುಗಿಸುತ್ತೇನೆ. ಇನ್ನು ಮೆಕ್ಕೆಜೋಳದ ಕಾಳು ಬೆಂಕಿ ಹಚ್ಚುವುದಿಲ್ಲ, ಆದರೆ ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಉರುಳುವ ಬದಲು ಜಾರುತ್ತದೆ. ಕಾಳು ಕಾಣುವ ಮೊದಲೇ ವೇಗ ಇಳಿದಿರಬೇಕು.

ಅದೇ ತಿಂಗಳುಗಳಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ಹೊತ್ತು ರಾತ್ರಿ ಸಾಗುತ್ತವೆ, ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ ಲಾರಿಗಳು ನಿಂತಿರುತ್ತವೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಬರುವ ಒಂದು ಸೆಕೆಂಡನ್ನೂ ಸೇರಿಸಿದರೆ ಒಣ ರಸ್ತೆಯಲ್ಲಿ ನಿಲ್ಲಲು 80 ಮೀಟರಿಗೂ ಹೆಚ್ಚು ಬೇಕು. 80ರ ವೇಗದಲ್ಲಿ ಅದು 60ರ ಆಸುಪಾಸಿಗೆ ಇಳಿಯುತ್ತದೆ. ಡಿಮ್ ದೀಪದಲ್ಲಿ ಸ್ಪಷ್ಟವಾಗಿ ಕಾಣುವುದೇ ಹೆಚ್ಚೆಂದರೆ ಅಷ್ಟು ದೂರ. ನಾಲ್ಕು ಪಥದಲ್ಲಿ ಕಾರಿಗೆ 100ರವರೆಗೆ ಅವಕಾಶವಿದ್ದರೂ ಕತ್ತಲಾದ ಮೇಲೆ ನಾನು 70 ದಾಟದಿರುವುದಕ್ಕೆ ಕಾರಣ ಈ ಲೆಕ್ಕವೇ. ನಸುಕಿನಲ್ಲಿ ಮೂರರಿಂದ ಐದರವರೆಗೆ ಬೆಂಗಳೂರಿನಿಂದ ಬರುವ ದಾರಿಯಲ್ಲಿ ನಾನು ಸ್ಟಿಯರಿಂಗ್ ಹಿಡಿಯುವುದೇ ಇಲ್ಲ.

ಸೀಟ್ ಬೆಲ್ಟಿನ ವಿಷಯದಲ್ಲಿ ಮನೆಯಲ್ಲಿ ದೊಡ್ಡ ತಕರಾರು ಅಮ್ಮನದು. ‘ಹಿಂದೆ ಕೂತವರಿಗೆ ಯಾಕಪ್ಪಾ ಇದು, ಉಸಿರು ಕಟ್ಟಿದಂಗಾಗುತ್ತೆ’ ಎನ್ನುತ್ತಿದ್ದರು. ಹಿಂದೆ ಬೆಲ್ಟಿಲ್ಲದೆ ಕೂತವರು ಡಿಕ್ಕಿಯಾದಾಗ ಮುಂದಿನ ಸೀಟನ್ನೇ ಗುದ್ದಿ ಮುಂದಿನವರನ್ನೂ ಗಾಯಗೊಳಿಸುತ್ತಾರೆ ಎಂದು ಹೇಳಿದಾಗ ಒಪ್ಪದವರು, ‘ಅಜ್ಜಿ ಹಾಕ್ಕೊಂಡ್ರೆ ನಾನೂ ಹಾಕ್ಕೊಳ್ತೀನಿ’ ಎಂದು ಮಗಳು ಪಟ್ಟು ಹಿಡಿದ ಮೇಲೆ ಒಪ್ಪಿದರು. ಕೆಳಪಟ್ಟಿ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಯ ಮೇಲೆ ಕೂತರೆ ಅವರ ಉಸಿರಿನ ದೂರು ಬಹುಪಾಲು ಹೋಗುತ್ತದೆ. ಚಿಕ್ಕವನಿಗೆ ಮಕ್ಕಳ ಸೀಟು ಹಿಂದೆಯೇ. ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕೂರುವುದು ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇನ್ನಷ್ಟು ಅಪಾಯ. 14 ವರ್ಷದೊಳಗಿನ ಮಗುವಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೆ 2019ರ ತಿದ್ದುಪಡಿಯಂತೆ ಸಾವಿರ ರೂಪಾಯಿ ದಂಡವೂ ಇದೆ.

ಹೆದ್ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಮಾಡಬೇಕಾದ್ದನ್ನು ಮನೆಯವರೆಲ್ಲರೂ ಬಲ್ಲರು. ನಾಲ್ಕೂ ದೀಪ ಮಿನುಗಿಸಿ, ಸಾಧ್ಯವಾದಷ್ಟು ಎಡಕ್ಕೆ ಸರಿಸಿ, ಎಲ್ಲರೂ ಎಡ ಬಾಗಿಲಿನಿಂದಲೇ ಇಳಿದು, ಕಬ್ಬಿಣದ ತಡೆಗೋಡೆಯಿದ್ದರೆ ಅದರ ಆಚೆಗೆ ಹೋಗಿ ನಿಲ್ಲುವುದು ಮೊದಲು. ಕೆಂಪು ತ್ರಿಕೋನವನ್ನು ಕಾರಿನಿಂದ ಸುಮಾರು 50 ಮೀಟರ್ ಹಿಂದೆ ಇಟ್ಟು ಬರುವುದು ನನ್ನ ಕೆಲಸ, ಹೆದ್ದಾರಿಯ ಸಹಾಯವಾಣಿ 1033ಕ್ಕೆ, ಗಾಯವಾಗಿದ್ದರೆ 112ಕ್ಕೆ, ಫೋನ್ ಮಾಡುವುದು ಹೆಂಡತಿಯ ಕೆಲಸ. ಬಲಬದಿಯ ಚಕ್ರ ಪಂಕ್ಚರ್ ಆಗಿದ್ದರೆ, ಅದೂ ರಾತ್ರಿಯಾಗಿದ್ದರೆ, ಲಾರಿಗಳು ಹಾಯುವ ಕಡೆ ಬೆನ್ನು ಹಾಕಿ ಜ್ಯಾಕ್ ಹಚ್ಚಲು ನಾನು ಕೂರುವುದಿಲ್ಲ. ರಿಮ್ಮು ಹಾಳಾದರೂ ಚಿಂತೆಯಿಲ್ಲವೆಂದು ಹತ್ತಿರದ ಸರ್ವಿಸ್ ರಸ್ತೆಗೋ ಬಂಕಿಗೋ ಮೆಲ್ಲಗೆ ಉರುಳಿಸಿಕೊಂಡು ಹೋಗಿ, ಬೆಳಕಿನಲ್ಲಿ ಸ್ಟೆಪ್ನಿ ಹಾಕುತ್ತೇನೆ.